ಹಂದಿಜ್ವರದ ವರ್ಷ, ನನ್ನ ಹಲ್ಲು

ಹಂದಿಜ್ವರ ಬಂದ ವರ್ಷ ನನ್ನ ಸುತ್ತಲಿನವರೆಲ್ಲ ಹೆದರಿದ್ದರು. ನಾನು ಮಾತ್ರ ಒಳಗೊಳಗೇ ಆರಾಮಾಗಿದ್ದೆ. ಆಗ ಅದನ್ನು ಯಾರೆದುರಿಗೂ ಆಡುವಂತಿರಲಿಲ್ಲ. ಕಾರಣ ನನ್ನ ಹಲ್ಲು.

ನನ್ನ ಹಲ್ಲಿನ ಬಣ್ಣ ಕಂದು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಗೆರೆಗಳು, ನಡುನಡುವೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು. ಹಾಲುಹಲ್ಲು ಬಿದ್ದು ಹೊಸವು ಹುಟ್ಟಿದಾಗಿನಿಂದಲೂ ಹಾಗೇ. ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಫೋಟೊಗಳಲ್ಲೆಲ್ಲ ನಾನು ತುಟಿ ಬಿಗಿದುಕೊಂಡು, ಯಾರ ಮೇಲೋ ಸಿಟ್ಟು ಬಂದವಳ ಹಾಗೆ ನಿಂತಿದ್ದೇನೆ.

ನಾನು ಹುಟ್ಟಿದ್ದು ರಾಣೆಬೆನ್ನೂರು ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ನನ್ನ ಐದನೆಯ ಇಯತ್ತೆ ಮುಗಿದ ಮೇಲೆ ಅಪ್ಪನಿಗೆ ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಕೆಲಸ ಸಿಕ್ಕು ಎಲ್ಲರೂ ಅಲ್ಲಿಗೆ ಬಂದೆವು. ತಮ್ಮ ಹುಟ್ಟಿದ್ದು ಬ್ಯಾಡಗಿಯಲ್ಲಿ. ಅವನ ಹಲ್ಲು ಎಳೆ ಜೋಳದ ಕಾಳಿನ ಹಾಗೆ ಬೆಳ್ಳಗಿದ್ದವು. ಅವ್ವನಿಗೆ ಅದೇ ದೊಡ್ಡ ಸಾಕ್ಷಿ.

"ಒಂದ ಹೊಟ್ಟ್ಯಾಗ ಹುಟ್ಟೀರಿ, ಒಂದ ಡಬ್ಬಿ ಪುಡಿ ಹಚ್ಚಿ ತಿಕ್ಕೀರಿ. ಅವನ ಹಲ್ಲ ನೋಡು, ನಿನ್ನ ಹಲ್ಲ ನೋಡು. ನೀ ಬರೇ ಬಾಯಿ ಮುಕ್ಕಳಿಸಿ ಎದ್ದು ಬರ್ತಿ, ನನಗ ಗೊತ್ತಾಗೂದಿಲ್ಲೇನು?" ಅನ್ನುತ್ತಿದ್ದಳು.

ನಾನು ಬರೇ ಮುಕ್ಕಳಿಸುತ್ತಿರಲಿಲ್ಲ. ಇದ್ದಲಿ ಪುಡಿ, ಉಪ್ಪು, ಕುಳ್ಳಿನ ಬೂದಿ, ನಿಂಬೆ ಸಿಪ್ಪೆ, ಯಾರು ಏನು ಹೇಳಿದರೂ ಅದನ್ನು ತಂದು ತಿಕ್ಕುತ್ತಿದ್ದೆ. ಒಸಡಿನಿಂದ ರಕ್ತ ಬರುವವರೆಗೆ ತಿಕ್ಕುತ್ತಿದ್ದೆ. ಕಲೆ ಇದ್ದಲ್ಲೇ ಇರುತ್ತಿತ್ತು. ತಣ್ಣೀರು ತಾಗಿದರೆ ಮಾತ್ರ ಹಲ್ಲು ಜುಮ್ಮೆಂದು ನೆತ್ತಿಗೆ ಏರುತ್ತಿತ್ತು. ನನ್ನನ್ನು ನೋಡಲು ಬಂದ ವರನ ಕಡೆಯವರು ನಾನು ಚಹಾ ಕೊಡುವ ತನಕ ಸಂತೋಷದಿಂದ ಇರುತ್ತಿದ್ದರು. ಹೆಸರು ಕೇಳಿದಾಗ ಬಾಯಿ ತೆರೆಯಲೇಬೇಕಲ್ಲ, ಆಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಬ್ಬ ಹೆಂಗಸಂತೂ ಅವ್ವನನ್ನು ಅಡಿಗೆಮನೆಗೆ ಕರೆದು, "ಹುಡುಗಿಗೆ ತಂಬಾಕ ತಿನ್ನೂ ಚಟ ಏನರ ಐತೇನ್ರಿ?" ಎಂದು ಕೇಳಿದ್ದಳು. ನಡುಮನೆಯಲ್ಲಿ ಕುಳಿತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಹೀಗಿರುವ ನಾನು ಆಗಿದ್ದು ಪ್ರಾಥಮಿಕ ಶಾಲೆಯ ಟೀಚರ್. ದಿನಾ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಸ್ಸು, ಅಲ್ಲಿಂದ ಹಲಗೇರಿಯ ಆಚೆಗಿನ ಹಳ್ಳಿಗೆ ಇನ್ನೊಂದು ಬಸ್ಸು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು, ಹಲ್ಲು ನೋಡಬೇಕೆಂಬುದು ಶಾಲೆಯ ಪದ್ಧತಿ. ನಾನು ಉಗುರು ಮಾತ್ರ ನೋಡುತ್ತಿದ್ದೆ. ಹಲ್ಲು ತೋರಿಸಿ ಎಂದು ಯಾವ ಬಾಯಿಂದ ಹೇಳಲಿ?

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಟೀವಿ ತುಂಬ ಹಂದಿಜ್ವರದ ಸುದ್ದಿ. ಮೊದಲು ಪುಣೆ ಅಂದರು, ಆಮೇಲೆ ಬೆಂಗಳೂರು ಅಂದರು. ರಾಣೆಬೆನ್ನೂರಿನ ಔಷಧದ ಅಂಗಡಿಗಳಲ್ಲಿ ಮಾಸ್ಕು ಸಿಗದಂತಾಯಿತು. ಜನ ಕರವಸ್ತ್ರ ಕಟ್ಟಿಕೊಂಡರು, ಟವೆಲ್ ಸುತ್ತಿಕೊಂಡರು, ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮನೆಯಲ್ಲಿ ಅವ್ವ ಒಂದೇ ಗ್ಲಾಸಿನಲ್ಲಿ ನಿಲ್ಲುತ್ತಿದ್ದ ನಮ್ಮೆಲ್ಲರ ಬ್ರಷ್ಷುಗಳನ್ನು ಬೇರೆ ಮಾಡಿದಳು. ಎಲ್ಲರೂ ಬೆರಳು ಅದ್ದುತ್ತಿದ್ದ ಹಲ್ಲುಪುಡಿಯ ಡಬ್ಬಿಯನ್ನು ಒಳಗಿಟ್ಟು, ದಿನಾ ಬೆಳಿಗ್ಗೆ ಅಂಗೈಗೆ ಚೂರುಚೂರು ಹಾಕತೊಡಗಿದಳು, ತೀರ್ಥ ಕೊಟ್ಟ ಹಾಗೆ.

ನಾನು ಹತ್ತಿಬಟ್ಟೆಯ ದೊಡ್ಡ ಕರವಸ್ತ್ರ ಮಡಚಿ, ಹಿಂದೆ ಗಂಟು ಹಾಕಿಕೊಂಡು ಹೋಗತೊಡಗಿದೆ. ಮೊದಲ ದಿನವೇ ಏನೋ ಹಗುರಾಯಿತು. ಬಸ್ಸಿನಲ್ಲಿ ಪಕ್ಕದವರ ಜೊತೆ ನಾನಾಗಿಯೇ ಮಾತಾಡಿದೆ. ತರಗತಿಯಲ್ಲಿ ಪದ್ಯವನ್ನು ಜೋರಾಗಿ ಹಾಡಿಸಿದೆ. ಮಕ್ಕಳು ತಮಾಷೆ ಮಾಡಿದಾಗ ಕೈ ಅಡ್ಡ ಹಿಡಿಯದೆ ನಕ್ಕೆ. ನಮ್ಮ ಹೆಡ್‌ಮಾಸ್ತರರು ವಯಸ್ಸಾದವರು, ಮಾತು ಕಡಿಮೆ. ಅವರೇ ಒಂದು ದಿನ, "ಏನ್ರಿ ಟೀಚರ, ಊರಿಗೆ ಜ್ವರ ಬಂದಮ್ಯಾಲ ನಿಮಗ ದನಿ ಬಂತಲ್ಲ!" ಅಂದರು. ದೀಪಾವಳಿ ಬರುವಷ್ಟರಲ್ಲಿ ಜನರ ಅಂಜಿಕೆ ಕಡಿಮೆಯಾಗಿ ಬಹಳ ಮಂದಿ ಮುಖದ ಬಟ್ಟೆ ಬಿಚ್ಚಿಟ್ಟರು. ನಾನು ಬಿಚ್ಚಲಿಲ್ಲ. ಜ್ವರ ಇನ್ನೂ ಹೋಗಿಲ್ಲ ಎಂದು ಪೇಪರಿನಲ್ಲಿ ಬಂದಾಗ ಸಮಾಧಾನವೆನಿಸುತ್ತಿತ್ತು.

ಆ ಚಳಿಗಾಲದಲ್ಲಿ ಹಾವೇರಿಯಲ್ಲಿ ಟೀಚರುಗಳಿಗೆ ಒಂದು ದಿನದ ತರಬೇತಿ ಇಟ್ಟರು. ಕೈ ಹೇಗೆ ತೊಳೆಯಬೇಕು, ಕೆಮ್ಮುವಾಗ ಬಾಯಿ ಹೇಗೆ ಮುಚ್ಚಬೇಕು, ಎಲ್ಲೆಂದರಲ್ಲಿ ಉಗುಳಬಾರದು, ಒಬ್ಬರ ಬ್ರಷ್ಷು ಇನ್ನೊಬ್ಬರು ಮುಟ್ಟಬಾರದು, ಇಂಥವನ್ನು ಮಕ್ಕಳಿಗೆ ಹೇಳಿಕೊಡುವ ಬಗೆ. ಹೇಳಿದ್ದನ್ನು ನಮ್ಮಲ್ಲೇ ಯಾರಾದರೂ ಎದ್ದು ಪಾಠದ ಹಾಗೆ ಮಾಡಿ ತೋರಿಸಬೇಕಿತ್ತು. ತರಬೇತಿ ಕೊಡುವವರು ನನ್ನನ್ನು ಎಬ್ಬಿಸಿದರು. ಎದ್ದು ಮುಂದೆ ಹೋದೆ. ಮೊದಲಾಗಿದ್ದರೆ ಏನಾದರೂ ನೆಪ ಹೇಳಿ ಕುಳಿತುಬಿಡುತ್ತಿದ್ದೆ.

ಹಿಂದಿನಿಂದ ಒಬ್ಬರು ಕೂಗಿದರು: "ಟೀಚರ, ಮಾರಿ ಮ್ಯಾಗಿನ ಬಟ್ಟಿ ತಗದ ಹೇಳ್ರಿ. ಒಂದೂ ಕೇಳವಲ್ದು."

"ಜೋರಾಗಿ ಹೇಳ್ತೇನ್ರಿ" ಅಂದೆ. ಎದೆ ತುಂಬ ಉಸಿರು ಎಳೆದುಕೊಂಡೆ.

ಅಲ್ಲಿಯೇ ಕೆಟ್ಟಿತು. ಆ ಕರವಸ್ತ್ರವನ್ನು ಅವ್ವ ಹಿಂದಿನ ದಿನ ಮಾಳಿಗೆಯ ಮೇಲೆ, ಮೆಣಸಿನಕಾಯಿ ಹರವಿದ್ದರ ಪಕ್ಕಕ್ಕೆ ಒಣಹಾಕಿದ್ದಳು. ಹಗುರಾಗಿ ಉಸಿರಾಡುವಾಗ ತಿಳಿಯದ ಘಾಟು ಒಮ್ಮೆಲೇ ಗಂಟಲಿಗೆ ಹೊಡೆಯಿತು. ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಬಗ್ಗಿ ಟೇಬಲ್ ಹಿಡಿದುಕೊಂಡೆ. ತಲೆ ಎತ್ತಿ ನೋಡಿದರೆ ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಎಲ್ಲರೂ ಗೋಡೆಗೆ ಆತುಕೊಂಡು ನಿಂತಿದ್ದರು.

"ಮೆಣಸಿನಕಾಯಿ ಘಾಟ್ರೀ, ಬ್ಯಾಡಗ್ಯಾಗ ಇದು..." ಎಂದು ಹೇಳಹೋದೆ. ಮತ್ತೆ ಕೆಮ್ಮು.

"ಇರ್ಲಿ ಬಿಡ್ರಿ, ಒಮ್ಮೆ ದವಾಖಾನ್ಯಾಗ ತೋರ್ಸಿಬಿಡ್ರಿ. ನಮ್ಮ ಜೀವಕ್ಕೂ ಸಮಾಧಾನ" ಅಂದರು ತರಬೇತಿಯವರು, ದೂರದಿಂದಲೇ. ಒಂದು ಆಟೊ ಕರೆಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿಕೊಟ್ಟರು. ಜೊತೆಗೆ ಯಾರೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಕೆಮ್ಮಿನವರದೇ ಬೇರೆ ಸಾಲು. ನನ್ನ ಸರದಿ ಬಂದಾಗ ವೈದ್ಯರು ಟಾರ್ಚ್ ಹಿಡಿದು, "ಬಟ್ಟಿ ತಗೀರಿ, ಬಾಯಿ ದೊಡ್ಡದಾಗಿ ತಗೀರಿ" ಅಂದರು. ನಾನು ಸ್ವಲ್ಪವೇ ತೆರೆದೆ. "ಇನ್ನಷ್ಟು" ಅಂದರು. ತೆರೆದೆ. ಅವರ ಕಣ್ಣು ಗಂಟಲಿಗೆ ಹೋಗುವ ಮೊದಲು ಹಲ್ಲಿನ ಮೇಲೆ ನಿಂತದ್ದು ನನಗೆ ಗೊತ್ತಾಯಿತು. ಅಂಥ ನೋಟ ನನಗೆ ಹೊಸದಲ್ಲ.

"ಜ್ವರ ಇಲ್ಲ, ಗಂಟಲೂ ಚಲೋ ಐತಿ. ಘಾಟಿಂದು ಕೆಮ್ಮು ಅಷ್ಟ. ಹಲ್ಲು ಯಾರಿಗರ ತೋರ್ಸೀರೇನು?"

"ಇಲ್ರಿ."

"ಇಲ್ಲೇ ಬಾಜೂ ಖೋಲ್ಯಾಗ ಹಲ್ಲಿನ ಮೇಡಂ ಕುಂತಾರ. ಹೆಂಗೂ ಬಂದೀರಿ, ತೋರಿಸ್ಕೊಂಡ ಹೋಗ್ರಿ."

ಹಾಗೆಯೇ ಬಸ್‌ಸ್ಟ್ಯಾಂಡಿಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಬಾಜೂ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ಕುಳಿತಿದ್ದ ವೈದ್ಯೆ ನನ್ನನ್ನು ನೋಡಿಬಿಟ್ಟರು. "ಬರ್ರಿ, ಬರ್ರಿ. ಈಗ ನನ್ನ ಕಡೆ ಯಾರೂ ಬರೂದಿಲ್ಲ. ಎಲ್ಲಾರೂ ಬಾಯಿ ತೆರೀಲಿಕ್ಕೆ ಅಂಜ್ತಾರ" ಎಂದು ನಕ್ಕರು. ನನಗಿಂತ ಸ್ವಲ್ಪ ದೊಡ್ಡವರು. ತಲೆಯ ಮೇಲೆ ದುಪಟ್ಟಾ, ಮುಖಕ್ಕೆ ಮಾಸ್ಕು. ಕಣ್ಣಷ್ಟೇ ಕಾಣುತ್ತಿದ್ದವು.

ತರಬೇತಿಗೆ ಬಂದ ಟೀಚರ್ ಎಂದು ಹೇಳಿ ಕುರ್ಚಿಯ ಮೇಲೆ ಒರಗಿದೆ. ಅವರು ಸಣ್ಣ ಕನ್ನಡಿ ಇಟ್ಟು ಒಂದೊಂದೇ ಹಲ್ಲು ನೋಡಿದರು. ಬೈಗುಳಕ್ಕೆ ಕಾಯುತ್ತಾ ನಾನೇ ಮೊದಲು ಹೇಳಿಬಿಟ್ಟೆ: "ದಿನಾ ತಿಕ್ಕತೇನ್ರಿ. ಖರೇ ಹೇಳ್ತೇನಿ."

"ಗೊತ್ತಾಗ್ತದ. ಜಾಸ್ತೀನೇ ತಿಕ್ಕೀರಿ. ಏನು ಹಚ್ಚಿ ತಿಕ್ಕತೀರಿ?"

ಹೇಳಿದೆ. ಇದ್ದಲಿ ಎಂದಾಗ ಅವರ ಹುಬ್ಬು ಮೇಲೇರಿತು.

"ಸಣ್ಣಾಕಿದ್ದಾಗ ಯಾವ ಊರಾಗ ಇದ್ರಿ? ಬೋರಿನ ನೀರು ಕುಡೀತಿದ್ರಿ?"

ಹಲ್ಲಿಗೂ ನೀರಿಗೂ ಏನು ಸಂಬಂಧ ಎಂದುಕೊಳ್ಳುತ್ತಲೇ ಊರು ಹೇಳಿ ಹೌದೆಂದೆ. ಆಗ ಅವರು ಕನ್ನಡಿ ಕೆಳಗಿಟ್ಟು, ಒಂದು ಕುರ್ಚಿ ಎಳೆದುಕೊಂಡು ಕುಳಿತರು.

"ಇದು ಹೊಲಸಲ್ಲ, ಟೀಚರ್. ಕೆಲವು ಕಡೆ ನೆಲದ ಆಳದ ನೀರಿನ್ಯಾಗ ಫ್ಲೋರೈಡ್ ಜಾಸ್ತಿ ಇರ್ತದ. ಹಲ್ಲು ಇನ್ನೂ ಒಸಡಿನ ಒಳಗ ತಯಾರಾಗೂ ಹೊತ್ತಿನ್ಯಾಗ ಆ ನೀರು ಕುಡದ್ರ ಹುಟ್ಟೂವಾಗನ ಕಲೆ ತಗೊಂಡು ಹುಟ್ಟತಾವ. ತಿಕ್ಕಿದ್ರ ಹೋಗೂ ಕಲೆ ಅಲ್ಲ ಇದು. ನೀವು ತಿಕ್ಕಿ ತಿಕ್ಕಿ ಮ್ಯಾಲಿನ ಪದರ ಸವಿಸೀರಿ, ಅದಕ್ಕ ಜುಮ್ ಅಂತಾವ. ಸ್ವಚ್ಛ ಅಂದ್ರ ನಿಮ್ಮ ಹಲ್ಲು ನನ್ನ ಹಲ್ಲಿಗಿಂತ ಸ್ವಚ್ಛ ಅದಾವ."

ಮೇಲೆ ಹಾಕಿದ್ದ ದೀಪವನ್ನೇ ನೋಡುತ್ತಿದ್ದೆ. ಐದನೆಯ ಇಯತ್ತೆಯ ನಂತರ ಬ್ಯಾಡಗಿ, ಬ್ಯಾಡಗಿಯಲ್ಲಿ ಹುಟ್ಟಿ ನಳದ ನೀರು ಕುಡಿದ ತಮ್ಮ, ಅವನ ಬಿಳಿ ಹಲ್ಲು. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಆದರೆ ಅದನ್ನು ನಮ್ಮಲ್ಲಿ ಯಾರೂ ಹಾಗೆ ಕೂಡಿಸಿ ನೋಡಿರಲಿಲ್ಲ.

"ಇದು ಹೋಗೂದಽ ಇಲ್ಲೇನ್ರಿ?" ಕೊನೆಗೆ ಕೇಳಿದೆ.

"ಮುಂದಿನ ಹಲ್ಲಿಗೆ ಮ್ಯಾಲೆ ಬಿಳಿ ಲೇಪ ಹಚ್ಚಬಹುದು. ಆದ್ರ ಮಷೀನ್ ಹಚ್ಚಿದ್ರ ಬಾಯಾಗಿನ ನೀರು ಸುತ್ತಲೂ ಸಿಡೀತದ. ಕೆಮ್ಮಿನವರಿಗೆ ಅದನ್ನ ಈಗ ಮಾಡಬ್ಯಾಡ ಅಂದಾರ. ಜ್ವರದ ಗದ್ದಲ ಮುಗದಮ್ಯಾಲ ಬರ್ರಿ. ಅಲ್ಲೀತನಕ ಇದ್ದಲಿ ಬಿಡ್ರಿ, ಮೆತ್ತನ್ನ ಬ್ರಷ್ ತಗೋರಿ." ನಾನು ಎದ್ದು ನಿಂತಾಗ ಅವರು ಇನ್ನೊಂದು ಮಾತು ಕೇಳಿದರು. "ನಿಮ್ಮ ಸಾಲಿ ಮಕ್ಕಳು ಯಾವ ನೀರು ಕುಡೀತಾರ?"

ನನಗೆ ಉತ್ತರ ಗೊತ್ತಿತ್ತು. ಶಾಲೆಯ ಅಂಗಳದಲ್ಲೇ ಬೋರಿನ ಕೈಪಂಪು. ಆದರೆ ಮಕ್ಕಳ ಹಲ್ಲು ಹೇಗಿವೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕುಳಿತು ವರ್ಷದ ಖಾರಕ್ಕೆಂದು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಆಸ್ಪತ್ರೆ ಎಂದ ಕೂಡಲೇ ಗಾಬರಿಯಾದಳು. ಜ್ವರವಲ್ಲ ಎಂದು ಹೇಳಿ, ಹಲ್ಲಿನ ವಿಷಯ ಪೂರ್ತಿ ಹೇಳಿದೆ. ಹೇಳುವಾಗ ಗೆದ್ದವಳ ಹುರುಪಿತ್ತು ನನಗೆ. ಇಷ್ಟು ವರ್ಷ ಬೈದೆಯಲ್ಲ, ಈಗ ಕೇಳು ಎನ್ನುವ ಹಾಗೆ.

ಅವ್ವನ ಕೈ ನಿಂತಿತು.

"ಆ ಬೋರು ನಮ್ಮ ಮನಿ ಮುಂದನ ಬಿತ್ತು" ಅಂದಳು. "ಅದಕ್ಕೂ ಮೊದಲ ಕೆರಿತನಕ ಹೋಗಿ ನೀರ ತರ್ತಿದ್ವಿ. ನೀ ಕೂಸಿದ್ದಿ. ನೀರ ಬಂದಾಗ ನಾನ ಕಾಯಿ ಒಡದು ಪೂಜಿ ಮಾಡಿದ್ನಿ. ನನ್ನ ಮಗಳಿಗೆ ಸ್ವಚ್ಛ ನೀರ ಸಿಕ್ತು ಅಂತ ಮೊದಲನೇ ತಂಬಿಗಿ ನಿನಗ ಕುಡಿಸಿದ್ನಿ." ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ನಾನ ಕುಡಿಸಿ, ನಾನ ಬೈದ್ನಲ್ಲವ್ವಾ" ಅಂದಳು.

ನನ್ನ ಹುರುಪು ಇಳಿದುಹೋಯಿತು. ಅವಳ ಕಣ್ಣಲ್ಲಿ ನೀರು. ಖಾರದ ಕೈಯಿಂದ ಒರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಾಳು ಎಂದು ನಾನೇ ಸೆರಗು ಎಳೆದು ಒರೆಸಿದೆ. "ಯಾರಿಗೆ ಗೊತ್ತಿತ್ತವ್ವಾ, ಊರ ಮಂದಿ ಎಲ್ಲಾ ಅದನ್ನ ಕುಡದ್ರು" ಅಂದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅಂದು ಅವಳು ಊಟ ಸರಿಯಾಗಿ ಮಾಡಲಿಲ್ಲ.

ಮುಂದಿನ ಸೋಮವಾರ ಪ್ರಾರ್ಥನೆಯ ನಂತರ ಉಗುರು ನೋಡಿದೆ. ಆಮೇಲೆ ಮಕ್ಕಳ ಮುಂದೆ ನಿಂತು ಕರವಸ್ತ್ರದ ಗಂಟು ಬಿಚ್ಚಿದೆ. "ಇವತ್ತು ಹಲ್ಲು ನೋಡೋಣ" ಎಂದು ನನ್ನ ಹಲ್ಲನ್ನೇ ಮೊದಲು ತೋರಿಸಿದೆ. ಕೆಲವರು ಕಿಸಕ್ಕೆಂದರು. ಮೂರನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿ, "ಟೀಚರ, ನಿಮಗೂ ಐತೇನ್ರಿ?" ಎಂದಳು. ಅವಳು ತುಟಿ ಎತ್ತಿ ತೋರಿಸಿದಳು. ಅದೇ ಗೆರೆ, ಅದೇ ಬಣ್ಣ. ಅವಳ ಪಕ್ಕದವಳಿಗೂ ಇತ್ತು. ಹಿಂದಿನ ಸಾಲಿನಲ್ಲೂ ಇದ್ದರು. ಎಷ್ಟೋ ಮಕ್ಕಳು ಅಲ್ಲಿಯವರೆಗೆ ನನ್ನ ಹಾಗೆಯೇ ಬಾಯಿಗೆ ಕೈ ಇಟ್ಟು ನಗುತ್ತಿದ್ದುದು ಆಗ ನೆನಪಿಗೆ ಬಂತು. ನಾಚಿಕೆ ಸ್ವಭಾವ ಎಂದುಕೊಂಡಿದ್ದೆ.

ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ನಾಲ್ಕು ಸಲ ತಾಲೂಕಿಗೆ ಓಡಾಡಿದರು. ನೀರಿನ ಇಲಾಖೆಯವರು ಬಾಟಲಿಯಲ್ಲಿ ಪಂಪಿನ ನೀರು ತುಂಬಿಕೊಂಡು ಹೋಗಿ, ಬೇಸಿಗೆಗೆ ಮುಂಚೆ ಬಂದು ಪಂಪಿಗೆ ಕೆಂಪು ಬಣ್ಣ ಬಳಿದರು. ಕುಡಿಯಬಾರದು ಎಂಬ ಗುರುತು. ಊರಿನ ಹೆಂಗಸರು ನನ್ನ ಮೇಲೆಯೇ ಸಿಟ್ಟಾದರು. ಕುಡಿಯುವ ನೀರಿಗೆ ಹೊಲದ ಹಳೆಯ ಬಾವಿಯವರೆಗೆ ನಡೆಯಬೇಕಾಯಿತಲ್ಲ. "ನಿಮ್ಮ ಹಲ್ಲಿನ ಸಲುವಾಗಿ ನಮ್ಮ ಸೊಂಟ ಮುರೀತು ನೋಡ್ರಿ" ಎಂದು ಒಬ್ಬಾಕೆ ಮುಖಕ್ಕೇ ಅಂದಳು. ಅವಳ ಮಾತು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಹೊಳೆಯ ನೀರು ಕೊಳವೆಯಲ್ಲಿ ಆ ಊರಿಗೆ ಬಂದದ್ದು ಇನ್ನೂ ಎಷ್ಟೋ ದಿನಗಳ ಮೇಲೆ. ಹಲ್ಲು ಆಗಲೇ ಹುಟ್ಟಿದ್ದ ಮಕ್ಕಳಿಗೆ ಅದರಿಂದ ಏನೂ ಬದಲಾಗಲಿಲ್ಲ. ಅವರ ತಮ್ಮ ತಂಗಿಯರಿಗೆ ಆಯಿತು.

ಜ್ವರದ ಮಾತು ನಿಂತ ಮೇಲೆ ಹಾವೇರಿಗೆ ಹೋಗಿ ಮುಂದಿನ ಹಲ್ಲುಗಳಿಗೆ ಲೇಪ ಹಚ್ಚಿಸಿಕೊಂಡೆ. ಅಂದು ಆ ವೈದ್ಯೆಯ ಮುಖವನ್ನು ಮಾಸ್ಕಿಲ್ಲದೆ ಮೊದಲ ಸಲ ನೋಡಿದೆ. ಅವರ ಒಂದು ಹಲ್ಲು ಸ್ವಲ್ಪ ಓರೆಯಿತ್ತು, ಅದನ್ನು ತೋರಿಸಿಕೊಂಡೇ ನಗುತ್ತಿದ್ದರು. ಕೆಲವು ತಿಂಗಳು ನಾನು ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿದೆ ಎಂದರೆ ಸುಳ್ಳಲ್ಲ. ಒಂದು ದಿನ ಕಡಕ್ ರೊಟ್ಟಿ ಕಡಿಯುವಾಗ ಒಂದು ಹಲ್ಲಿನ ಲೇಪ ಎದ್ದು ಬಂತು. ಮತ್ತೆ ಹಚ್ಚಿಸೋಣ ಎಂದುಕೊಂಡು ಮುಂದೂಡಿದೆ. ಶಾಲೆ, ಆಮೇಲೆ ಮದುವೆ, ಮಗು, ಹೀಗೆ ಅದು ಹಾಗೇ ಉಳಿಯಿತು. ಈಗ ನನ್ನ ಬಾಯಲ್ಲಿ ಮುಂದಿನ ಬಿಳಿ ಹಲ್ಲುಗಳ ನಡುವೆ ಒಂದು ಕಂದು. ಕೇಳಿದವರಿಗೆ ಕಾರಣ ಹೇಳುತ್ತೇನೆ, ಕೇಳದವರಿಗೆ ಹೇಳುವುದಿಲ್ಲ.

ಅವ್ವ ಮಾತ್ರ ಬದಲಾದಳು. ಓಣಿಯಲ್ಲಿ ಯಾರಾದರೂ ಮಕ್ಕಳಿಗೆ ಹಲ್ಲು ತಿಕ್ಕಿಲ್ಲವೆಂದು ಬೈಯುತ್ತಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತಾಳೆ. ಕೂಸಿನ ಗದ್ದ ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ಬಾಯೊಳಗೆ ತಾನೇ ಒಮ್ಮೆ ನೋಡುತ್ತಾಳೆ.