ಗಾಳಿ ಬೇಡದ ಪೆಟ್ಟಿಗೆ

"ನಿನ್ನ ಕೈಲಿ ಆಗೋದಲ್ಲ ಅದು" ಎಂದವರು ನಮ್ಮ ದೊಡ್ಡಪ್ಪ, ಎಸ್ಟೇಟಿನ ಮೇಸ್ತ್ರಿ ಸಿದ್ದಣ್ಣ. ಟೇಪ್ ರೆಕಾರ್ಡರ್ ಇದ್ದ ಮನೆಯೇ ದೊಡ್ಡ ಮನೆ ಅನ್ನಿಸುತ್ತಿದ್ದ ಕಾಲ ಅದು. ಆಗೆಲ್ಲ ದೊಡ್ಡಪ್ಪ ಆಗಲ್ಲ ಅಂದರೆ ವಿಷಯ ಅಲ್ಲಿಗೆ ಮುಗೀತು; ಅಪ್ಪ ಕೂಡ ಎದುರಾಡುತ್ತಿರಲಿಲ್ಲ. ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರು ಅವರೇ, ನನಗೆ ಕಲಿಸಿದವರೂ ಅವರೇ. ಬಲಗೈ ಸ್ವರಕ್ಕೆ, ಎಡಗೈ ತಿದಿಗೆ. "ಗಾಳಿ ನಿಂತ್ರೆ ಹಾಡು ಸತ್ತೋಗ್ತದೆ. ಹಾಕು, ಗಾಳಿ ಹಾಕು" ಎಂದು ಪಕ್ಕದಲ್ಲಿ ಕೂತು ತೊಡೆ ತಟ್ಟೋರು. ತಪ್ಪಿದರೆ ಬೆರಳ ಗೆಣ್ಣಿಗೇ ಏಟು ಬೀಳುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಬೇಸಿಗೆ. ಹೂಮಳೆ ಬಿದ್ದು ಕೂಲಿಯವರ ಲೈನ್‌ಮನೆಗಳವರೆಗೂ ಕಾಫಿ ಹೂವಿನ ವಾಸನೆ. ಕೊಟ್ಟಿಗೆಹಾರದಲ್ಲಿ ಜೀಪು ಓಡಿಸುತ್ತಿದ್ದ ದಿನೇಶಣ್ಣ ತೋಟದ ಹುಡುಗರನ್ನು ಸೇರಿಸಿ ಒಂದು ಬ್ಯಾಂಡ್ ಕಟ್ಟಿದ್ದ. ಮೂಡಿಗೆರೆಯಲ್ಲಿ ಸ್ಪರ್ಧೆ ಇತ್ತು. ಹಾಡಲು ಅವನಿದ್ದ, ಬಾರಿಸಲು ಹುಡುಗರಿದ್ದರು, ಕೀಬೋರ್ಡನ್ನು ಇನ್ನೂ ಕೊಳ್ಳಬೇಕಿತ್ತು, ನುಡಿಸುವವರೂ ಇರಲಿಲ್ಲ. ಕೇಳಿಕೊಂಡು ನಮ್ಮನೆಗೆ ಬಂದ.

"ಅದು ಗಾಳಿ ಬೇಡದ ಪೆಟ್ಟಿಗೆ ಕಣೋ ದಿನೇಶ. ಇವಳ ಕೈಗೆ ಬಗ್ಗಲ್ಲ" ಅಂದರು ದೊಡ್ಡಪ್ಪ. ಆಮೇಲೆ ಏನನ್ನಿಸಿತೋ, "ಕೊಳ್ಳೋಕೆ ಹೋಗುವಾಗ ನಾನೂ ಬರ್ತೀನಿ. ಹೆಣ್ಣುಡುಗೀನ ಒಬ್ಳನ್ನೇ ಕಳ್ಸಕ್ಕಾಗಲ್ಲ. ಆದ್ರೆ ಅಲ್ಲಿ ನಾನು ಬಾಯಿ ಬಿಡಲ್ಲ" ಅಂದರು.

ಚಿಕ್ಕಮಗಳೂರಿನ ಅಂಗಡಿಗೆ ಜೀಪಲ್ಲಿ ಹೊರಟೆವು, ಬ್ಯಾಂಡಿನ ಹುಡುಗರೂ ಹತ್ತಿಕೊಂಡರು. ಹುಡುಗರು ಕೂಲಿಯಲ್ಲಿ ಉಳಿಸಿದ್ದೆಲ್ಲ ದಿನೇಶಣ್ಣನ ಒಳಜೇಬಿನಲ್ಲಿತ್ತು. ಒಂದೇ ಸಲ ಕೊಳ್ಳುವುದು. ಅದನ್ನು ನುಡಿಸಬೇಕಾದವಳು ನಾನು.

ಅಂಗಡಿಯವರು ಮೊದಲು ತೆಗೆದಿಟ್ಟದ್ದು ಬೆಳ್ಳಿ ಬಣ್ಣದ್ದು. ಒಂದು ಗುಂಡಿ ಒತ್ತಿದರು ನೋಡಿ, ಅದು ತಾನೇ ಹಾಡತೊಡಗಿತು. ಕೆಂಪು ದೀಪಗಳು ಈ ತುದಿಯಿಂದ ಆ ತುದಿಗೆ ಓಡಿದವು.

"ಇದೇ ಮಾರಾಯ!" ದಿನೇಶಣ್ಣ ಕುಣಿದೇಬಿಟ್ಟ. "ದೀಪ ನೋಡೇ ಜನ ಎದ್ದು ನಿಲ್ತಾರೆ. ಬಾ, ಬಾರ್ಸು."

ನಾನು ಕೈಯಿಟ್ಟೆ. ಬೆವರಿಗೆ ಕೀಗಳೆಲ್ಲ ಒದ್ದೆ. ಅಂಗಡಿಯವರು ನನ್ನ ಬೆರಳ ನಡುವಿನಿಂದಲೇ ಬಟ್ಟೆ ತೂರಿಸಿ ಒರೆಸಿದರು. ಭಜನೆಯ ಒಂದು ಸಾಲು ಹಿಡಿದೆ, ಎಲ್ಲ ಅಪಸ್ವರ. ಹುಡುಗರು ಕಿಸಕ್ಕನೆ ನಕ್ಕಾಗಲೇ ಗೊತ್ತಾದದ್ದು, ನನ್ನ ಎಡಗೈ ಗಾಳಿಯಲ್ಲಿ ಇಲ್ಲದ ತಿದಿ ಒತ್ತುತ್ತಾ ಇತ್ತು!

ಆದರೆ ತಪ್ಪು ಎಡಗೈಯದಲ್ಲ. ಹಾರ್ಮೋನಿಯಂನಲ್ಲಿ ಕೆಳಗಿನ ಸ ದಿಂದ ಮೇಲಿನ ಸ ಕ್ಕೆ ನನ್ನ ಕೈ ಚಾಚಿದರೆ ಸರಿಯಾಗಿ ಹೋಗಿ ಕೂರುತ್ತಿತ್ತು. ಇಲ್ಲಿ ಅಷ್ಟೇ ಚಾಚಿದರೆ ಸ ದಾಟಿ ಆಚೆ ಬೀಳುತ್ತಿತ್ತು. ಕೀಗಳೇ ಕಿರಿದು. ಹೇಳೋದು ಹೇಗೆ? ಬಾರಿಸಲು ಬರದವಳು ನೆಪ ಹೇಳ್ತಾಳೆ ಅನ್ನಲ್ವಾ? ಹೇಳದೆ ಇದ್ದರೆ ಮೂಡಿಗೆರೆ ಜನರ ಮುಂದೆ ಇದೇ ಅಪಸ್ವರ. ದೊಡ್ಡಪ್ಪನ ಕಡೆ ನೋಡಿದೆ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು.

ದಿನೇಶಣ್ಣನ ಕೈ ಒಳಜೇಬಿಗೆ ಹೋಯಿತು.

"ಅಣ್ಣಾ, ಬೇಡ" ಅಂದೆ. "ಇದರ ಕೀ ಸಣ್ಣ. ನಂಗೆ ಆಗಲ್ಲ. ಅದು ಕೊಡ್ಸಿ."

ಮೂಲೆಯಲ್ಲಿ ಅರ್ಧ ಬಟ್ಟೆ ಹೊದ್ದು ಮಲಗಿದ್ದ ಕಪ್ಪು ಕೀಬೋರ್ಡ್. ಯಾರೋ ಬಳಸಿ ವಾಪಸ್ ಕೊಟ್ಟದ್ದು. ದೀಪವಿಲ್ಲ, ತಾನಾಗಿ ಹಾಡುವುದಿಲ್ಲ; ಕೀಗಳು ಮಾತ್ರ ಹಾರ್ಮೋನಿಯಂನಷ್ಟೇ ಅಗಲ.

"ಎಂಥ ಮಾರಾಯ್ತಿ, ಹಳೇ ಹಲಗೆ ಇದ್ದಂಗಿದೆ!" ದಿನೇಶಣ್ಣನ ಮುಖ ಬಿದ್ದುಹೋಯಿತು. "ಇದ್ರಲ್ಲಿ ಸೋತ್ರೆ ನೋಡು, ಊರವ್ರಿಗೆ ನೀನೇ ಉತ್ತರ ಹೇಳ್ಬೇಕು."

ಅದನ್ನೇ ತಂದೆವು. ವಾಪಸ್ ಬರುವಾಗ ಹುಡುಗರು ನನಗೆ ಬೆನ್ನು ಹಾಕಿ ಕೂತರು. ದೊಡ್ಡಪ್ಪ ಮತ್ತೆ ರಸ್ತೆ ನೋಡುತ್ತಿದ್ದರು.

ಸ್ಪರ್ಧೆಯ ದಿನ ವೇದಿಕೆ ಹತ್ತಿದೆವು. ಹಾಡು ಶುರುವಾಯಿತು. ನನ್ನ ಎಡಗೈಯೂ ಶುರುವಾಯಿತು. ಮುಂದಿನ ಸಾಲಿಂದ ಯಾವನೋ, "ಏಯ್, ನೊಣ ಓಡಿಸ್ತಾಳೆ ನೋಡ್ರೋ!" ಎಂದು ಕೂಗಿದ. ಸಭೆಯೆಲ್ಲ ನಗು. ನಾಚಿಕೆಯಿಂದ ಎಡಗೈ ನಿಲ್ಲಿಸಿದೆ. ಬಲಗೈಯೂ ನಿಂತಿತು. ಕೀಬೋರ್ಡಿಲ್ಲದೆ ದಿನೇಶಣ್ಣ ಒಬ್ಬನೇ ಹಾಡುತ್ತಾ ನನ್ನತ್ತ ತಿರುಗಿದ. ಆ ಕಣ್ಣಲ್ಲಿ ಇದ್ದದ್ದೂ ನನ್ನ ಹೆದರಿಕೆಯೇ.

ನಗಲಿ, ಹಾಳಾಗಲಿ ಅಂತ ಎಡಗೈ ಬಿಟ್ಟೆ. ಅದು ಗಾಳಿ ಹಾಕಿತು. ಬಲಗೈ ಬಂತು. ಕೈ ಚಾಚಿದಲ್ಲೇ ಮೇಲಿನ ಸ ಸಿಕ್ಕಿತು. ಕೊನೆಯವರೆಗೂ ಹಾಡು ಮಾತ್ರ ನಿಲ್ಲಲಿಲ್ಲ.

ಈಗ ಆ ಬ್ಯಾಂಡ್ ಇಲ್ಲ. ಕಪ್ಪು ಕೀಬೋರ್ಡಿನ ಕೀಗಳು ಒಂದೊಂದಾಗಿ ಕೂತುಹೋದವು. ದೊಡ್ಡಪ್ಪನ ಹಾರ್ಮೋನಿಯಂ ತಿದಿಯನ್ನು ಇಲಿಗಳು ತಿಂದಿವೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಸುಮ್ಮನೆ ಬಂದದ್ದಲ್ಲ, ಹೇಳಿಕೊಳ್ಳೋಕೆ ನನಗೆ ಸಂಕೋಚವೂ ಇಲ್ಲ. ಪದವಿಪತ್ರ ಕೊಡುವಾಗ ಹೆಸರು ಕರೆದರು. ಹೆದರಿಕೆಗೆ ಎಡಗೈ ಅವತ್ತೂ ಆಡಿತು. ಕೆಳಗೆ ಕೂತವರಲ್ಲಿ ದೊಡ್ಡಪ್ಪ ಇರಲಿಲ್ಲ. ಅದಕ್ಕೂ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದರು.

ಸ್ಪರ್ಧೆಯ ಆ ದಿನ ಮೂಡಿಗೆರೆಯಲ್ಲಿ ನಮಗೆ ಬಂದದ್ದು ಮೂರನೇ ಬಹುಮಾನ. ಸರ್ಟಿಫಿಕೇಟನ್ನು ದಿನೇಶಣ್ಣ ನನ್ನ ಕೈಗೆ ಹಾಕಿ, "ನಿಂದೇ ಇದು, ಇಟ್ಕೋ. ಹಲಗೆ ಅಂದಿದ್ದು ಮರ್ತುಬಿಡು" ಅಂದ. ನಾನು ಸಭೆಯ ಹಿಂದಿನ ಸಾಲಿಗೆ ಹೋಗಿ ಅದನ್ನು ದೊಡ್ಡಪ್ಪನಿಗೆ ಕೊಟ್ಟೆ. ಗೆಣ್ಣಿಗೆ ಬೀಳುತ್ತದೇನೋ ಎಂದು ಕೈ ಹಿಂದೆಳೆದುಕೊಂಡೆ.

"ಎಲ್ರೂ ನಕ್ರು ದೊಡ್ಡಪ್ಪ. ಒಬ್ಳೇ ಗಾಳಿ ಹಾಕ್ತಿದ್ದೆ."

ಅವರು ಕಾಗದದಿಂದ ಕಣ್ಣೆತ್ತಲಿಲ್ಲ. ಎಡಗೈಯ ರಟ್ಟೆ ಉಜ್ಜಿಕೊಳ್ಳುತ್ತಾ ಅಂದರು:

"ಒಬ್ಳೇ ಎಲ್ಲಿ ಮಾರಾಯ್ತಿ, ಇಲ್ಲಿ ಕೂತು ನಾನೂ ಹಾಕ್ತಿದ್ದೆ."