ನಾಲ್ಕು ಎಂದು ಬರೆಸಿದ ನೋವು

ಹನ್ನೆರಡು ವರ್ಷ ನನ್ನ ಹೊಟ್ಟೆನೋವಿಗೆ ಸಾಕ್ಷಿಯೇ ಇರಲಿಲ್ಲ. ಸಿಡ್ನಿಯಲ್ಲಿ ಮಾಡಿಸಿದ ಎರಡು ಸ್ಕ್ಯಾನ್‌ಗಳೂ ನಾರ್ಮಲ್ ಎಂದವು. ನಾನು ಮಾತ್ರ ತಿಂಗಳಿಗೆ ಎರಡು ದಿನ ಕ್ವೇಕರ್ಸ್ ಹಿಲ್‌ನ ಮನೆಯ ಬಾತ್‌ರೂಮಿನಲ್ಲಿ ಮುದುರಿಕೊಂಡು ಬಿದ್ದಿರುತ್ತಿದ್ದೆ. ಊರಿಗೆ ಫೋನ್ ಮಾಡಿದರೆ ಅಮ್ಮ, "ಎಲ್ಲಾ ಹೆಂಗಸ್ರಿಗೂ ಇದ್ದದ್ದೇ ಕಣೇ. ಮೆಂತ್ಯ ನುಂಗಿ ಮಲಕ್ಕೋ" ಎನ್ನುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು. ಜೊತೆಗೆ, ನಾನೇ ನಾಟಕ ಆಡುತ್ತಿದ್ದೇನೇನೋ ಎಂಬ ಅನುಮಾನವೂ ಒಳಗೊಳಗೇ ಇತ್ತು.

ಅಕ್ಕನ ಬಾಣಂತನಕ್ಕೆ ಅಮ್ಮ ಮೆಲ್ಬರ್ನ್‌ಗೆ ಬಂದಾಗ ನಾನೂ ಅಲ್ಲಿ ವೆರಿಬೀಯಲ್ಲಿರುವ ಅಕ್ಕನ ಮನೆಗೆ ಹೋದೆ. ಎಂಡೊಮೆಟ್ರಿಯೋಸಿಸ್ ಇರಬಹುದು, ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದಿರಬಹುದು, ಅದನ್ನೇ ಹುಡುಕುವವರ ಹತ್ತಿರ ತೋರಿಸಿ ಎಂದು ನನ್ನ ಡಾಕ್ಟರ್ ಹೇಳಿದ್ದರು. ಅಲ್ಲೇ ಒಂದು ಕಡೆ ಸ್ಕ್ಯಾನ್ ಬುಕ್ ಮಾಡಿದೆ. ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಹಿಡಿದು ಅಮ್ಮನೂ ಹೊರಟಳು.

ನೋವು ಹತ್ತಕ್ಕೆ ಎಷ್ಟು ಎಂದು ಸ್ಕ್ಯಾನ್ ಮಾಡುವಾಕೆ ಕೇಳಿದಳು. ಪಕ್ಕದಲ್ಲೇ ಅಮ್ಮ. ನಾಲ್ಕು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯೇ ಬರಲಿಲ್ಲ.

ಪರದೆಯ ಮೇಲೆ ಮೊದಲು ಬರೀ ಬೂದುಬಣ್ಣ. ಆಕೆ ಏನೋ ಒತ್ತಿದಳು, ಕೆಂಪು, ನೀಲಿ ಎಳೆಗಳು ಹೊತ್ತಿಕೊಂಡವು. ನನ್ನದೇ ರಕ್ತ, ಆ ಕ್ಷಣದಲ್ಲಿ ಹರಿಯುತ್ತಿದ್ದ ರಕ್ತ.

"ಕೆಂಪು ಒಳ್ಳೇದು, ನೀಲಿ ಕೆಟ್ಟದ್ದಾ? ಕೇಳು" ಎಂದಳು ಅಮ್ಮ.

ಕೇಳಿದೆ. ಹಾಗಲ್ಲವಂತೆ. ಉಪಕರಣದ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ.

ಆಮೇಲೆ ಗರ್ಭಕೋಶದ ಹಿಂದೆ ಒಂದು ಕಪ್ಪು ಗಂಟು ಕಂಡಿತು. ಅದರ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ನಾಳಗಳು ಎದೆಬಡಿತಕ್ಕೆ ಸರಿಯಾಗಿ ಮಿನುಗಿ ಆರುತ್ತಿದ್ದವು. ಇಷ್ಟು ಸಣ್ಣವು ಮಾಮೂಲಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಗಂಟಿಗೆ ರಕ್ತ ಒದಗಿಸುತ್ತಿರುವುದು ಇವೇ ಎಂದಳು ಆಕೆ. ಭಯವಾಗಬೇಕಿತ್ತು. ನಾನು ಬೆರಗಾಗಿ, ಕಣ್ಣು ಮಿಟುಕಿಸದೆ ನೋಡಿದೆ. ನನ್ನನ್ನು ನೆಲಕ್ಕೆ ಕೆಡವುತ್ತಿದ್ದುದು ಇಷ್ಟು ಚೆಂದ ಇದೆಯೆಂದು ಯಾರಿಗೆ ಗೊತ್ತಿತ್ತು? ನಾನು ಸುಳ್ಳು ಹೇಳಿರಲಿಲ್ಲ. ಅಳು ಬಂತು.

ಅಮ್ಮ ಕುರ್ಚಿ ಬಿಟ್ಟು ಪರದೆಯ ಹತ್ತಿರ ಬಂದು ಆ ಗಂಟನ್ನೇ ನೋಡಿದಳು. ನನ್ನ ಪಾದದ ಮೇಲೆ ಕೈಯಿಟ್ಟಳು.

"ನಂಗೂ ಹಿಂಗೇ ಆಗ್ತಿತ್ತು. ನಮ್ಮಮ್ಮ ಮೆಂತ್ಯ ನುಂಗು ಅನ್ನೋರು."

ಹಾಗೆಂದವಳೇ ಸ್ಕ್ಯಾನ್ ಮಾಡುವಾಕೆಯತ್ತ ತಿರುಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು: "ಮೇಡಮ್, ನಾಟ್ ಫೋರ್. ಟೆನ್ ಅಂತ ಬರೀರಿ."