ತುದಿ ಎತ್ತುವ ಉಗುರು

ಕೆಲಸದ ಕಡೆ ಎಲ್ಲರೂ ಅವರನ್ನು ಅಂಟಣ್ಣ ಎನ್ನುತ್ತಿದ್ದರು. ಚರ್ಮಕ್ಕೆ ಅಂಟಿಸಿದರೆ ಮದ್ದು ತಾನಾಗಿ ಮೈಯೊಳಗೆ ಇಳಿಯುವ ಪಟ್ಟಿ ಇದೆಯಲ್ಲ, ಅದನ್ನು ಮಾಡುವ ವಿಜ್ಞಾನಿಗಳಲ್ಲಿ ಅವರೊಬ್ಬರು. ಮದ್ದು ಬೇರೆಯವರದು, ಅಂಟು ಇವರದು. ಅಂಟು ಕಮ್ಮಿಯಾದರೆ ಪಟ್ಟಿ ಉದುರುತ್ತದೆ. ಜಾಸ್ತಿಯಾದರೆ ಕೀಳುವಾಗ ಚರ್ಮವೂ ಕಿತ್ತು ಬರುತ್ತದೆ. ಈ ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಅವರ ಆಯುಷ್ಯ ಅಲ್ಲೇ ಕಳೆಯಿತು.

ಮದ್ದು ಹಾಕುವ ಮೊದಲು ಬರೀ ಪಟ್ಟಿಯನ್ನು ತಾವೇ ಅಂಟಿಸಿಕೊಂಡು ನೋಡುವುದು ಆ ಲ್ಯಾಬಿನವರ ರೂಢಿ. ಇವರು ಮನೆಗೂ ತಂದರು. ಮದುವೆಯಾದ ಹೊಸತು. ಗಂಡ ಜೇಬಿಗೆ ಕೈ ಹಾಕಿದ್ದು ನೋಡಿ ಹೆಂಡತಿ ಆಸೆಯಿಂದ ಕೈ ಚಾಚಿದಳು. ತೋಳಿಗೆ ಪಟ್ಟಿ ಬಿತ್ತು.

"ಬೇರೆಯವರ ಗಂಡಂದಿರು ಬಳೆ ತರ್ತಾರೆ," ಎಂದಳು.

"ಬಳೆ ಜಾರತ್ತೆ. ಇದು ಜಾರಲ್ಲ, ನೋಡ್ತಿರು."

ಅವಳು ಪಾತ್ರೆ ತೊಳೆದಳು, ಒಲೆ ಮುಂದೆ ಬೆವತಳು. ಅವರು ಬಾಲದ ಹಾಗೆ ಹಿಂದೆಯೇ. ಹೆಬ್ಬೆರಳ ಉಗುರಿನಿಂದ ಪಟ್ಟಿಯ ತುದಿ ಎತ್ತುವರು. ಅಂಟು ಎಳೆ ಬಿಡುವುದನ್ನು ಕಣ್ಣು ಅರ್ಧ ಮುಚ್ಚಿ ನೋಡುವರು. ಹಣ್ಣಿನ ಮೇಲಿನ ಚೀಟಿ, ಲಕೋಟೆ, ಬಸ್ಸಿನ ಕಿಟಕಿಯ ಕಾಗದ, ಯಾವುದರ ತುದಿಯನ್ನೂ ಆ ಉಗುರು ಬಿಡಲಿಲ್ಲ. ಮುಂದೆ ಹುಟ್ಟಿದ ಮಗಳಂತೂ, "ಅಪ್ಪಾ, ನಾನೇನು ಗೋಡೇನಾ?" ಎಂದು ತೋಳು ಮುಚ್ಚಿಕೊಂಡು ಓಡಾಡುತ್ತಿದ್ದಳು.

ತಲೆ ನರೆತ ಮೇಲೆ ಅವರ ಮೂಳೆಗೆ ರೋಗ ಬಂತು. ವಾಸಿಯಾಗುವುದಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಗುಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೋವಿಗೆಂದು ನರ್ಸಮ್ಮ ಎದೆಗೆ ಪಟ್ಟಿ ಅಂಟಿಸಿ ಹೋದರು.

ಮೊದಲ ದಿನ ಚೆನ್ನಾಗಿತ್ತು. ಕಿಟಕಿಯ ಪರದೆ ಉಸಿರಾಡುವಂತೆ ಉಬ್ಬಿ ತಗ್ಗುತ್ತಿತ್ತು. ಕೋಣೆ ನಿಂತ ನೀರಿನ ಹಾಗಿತ್ತು. ಮಂಚ ಅದರ ಮೇಲೆ ತೇಲಿದಂತೆ.

"ಇಳೀತಿದೆ ಕಣೆ," ಎಂದರು. "ಮಂಜು ಇಳಿದಂಗೆ. ಸದ್ದೇ ಇಲ್ಲ. ನನ್ನ ಕಾಲು ಎಲ್ಲೋ ದೂರದಲ್ಲಿ ನಡ್ಕೊಂಡು ಹೋಗ್ತಿವೆ."

"ನೀವೂ ಹೋಗ್ಬಿಡ್ಬೇಡಿ," ಎಂದಳು.

ಮಾರನೆಯ ದಿನ ನೋವು ತಿರುಗಿ ಬಂತು. ಹೊಸ ಪಟ್ಟಿ ಹಾಕಿದರೂ ಅದೇ ಕಥೆ. ಮದ್ದು ಏರಿಸೋಣ ಎಂದರು ಡಾಕ್ಟರು. ಏರಿಸಿದರೆ ನೋವು ಹೋಗುತ್ತದೆ, ಮಾತೂ ಹೋಗುತ್ತದೆ. ನಿದ್ದೆಯೊಂದೇ ಉಳಿಯುವುದು. ನೋವು ನೋಡಲಾರಳು, ಮಾತು ಬಿಡಲಾರಳು. ಒಂದು ದಿನ ತಡೆಯಿರಿ ಎಂದು ಬೇಡಿಕೊಂಡು ಮಂಚದ ಪಕ್ಕ ಕೂತಳು.

ಮಧ್ಯಾಹ್ನ. ಅವರಿಗೆ ಅರೆನಿದ್ದೆ. ಕೈ ಮಾತ್ರ ಎದ್ದಿತು. ಮೆಲ್ಲಗೆ ಎದೆಯ ಮೇಲೆ ತೆವಳಿತು. ಹೆಬ್ಬೆರಳ ಉಗುರು ಪಟ್ಟಿಯ ಅಂಚು ಹುಡುಕಿತು, ಎತ್ತಿತು.

ಅವಳು ಕೈ ಹಿಡಿದುಕೊಂಡಳು. "ಏನ್ರೀ ಮಾಡ್ತಿದ್ದೀರಿ?"

"ಅಂಟು ನೋಡ್ತಿದ್ದೆ." ಕಣ್ಣು ತೆರೆಯಲಿಲ್ಲ. "ಯಾರು ಮಾಡಿದ್ದೋ. ತುದಿ ನಿಲ್ತಾ ಇಲ್ಲ."

"ಎತ್ತುತ್ತಾ ಇದ್ದರೆ ಹೇಗೆ ನಿಲ್ಲತ್ತೆ?"

"ಅದೂ ನಿಜ," ಎಂದರು.

ನರ್ಸಮ್ಮ ಬಂದಾಗ ಅವಳು ನಡೆದದ್ದು ಹೇಳಿದಳು. "ತುದಿ ಎದ್ರೆ ಮದ್ದು ಎಲ್ಲಿ ಇಳಿಯತ್ತೆ? ಪಟ್ಟಿ ಮಾಡೋರಿಗೇ ಪಟ್ಟಿ ಹಾಕೋದು ಬಲು ಕಷ್ಟ," ಎಂದು ನಕ್ಕರು ನರ್ಸಮ್ಮ. ಈ ಸಲ ಬೆನ್ನಿಗೆ, ಕೈಗೆ ಸಿಗದ ಕಡೆ ಅಂಟಿಸಿದರು. ಮದ್ದು ಏರಿಸಲಿಲ್ಲ.

"ಮೋಸ," ಎಂದರು ಅವರು.

"ಹೌದು, ಮೋಸಾನೇ."

ನೋವು ಹೋಯಿತು. ಮಾತು ಉಳಿಯಿತು. ಎಷ್ಟೋ ಮಧ್ಯಾಹ್ನ ಹಾಗೇ ತೇಲಿಹೋದವು. ಮಾತಿಗೆ ತಲೆಬುಡ ಇರುತ್ತಿರಲಿಲ್ಲ. ಗೋಡೆ ಮೆತ್ತಗಾಗಿದೆ ಅನ್ನುವರು. ಮೈಯೊಳಗೆ ಒಂದು ಬೀದಿ ಇದೆ, ಅಲ್ಲಿ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ ಅನ್ನುವರು. ಅವಳು ಹೂಂಗುಟ್ಟುವಳು. ನಡುನಡುವೆ, "ಅಂಟಿದೆಯಾ?" ಎಂದು ಕೇಳುವರು. ಅವಳು ಬೆನ್ನು ಸವರಿ ನೋಡಿ, "ಅಂಟಿದೆ," ಎನ್ನುವಳು.

ಕೊನೆಯ ದಿನ ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಎಂದರು. ಅವಳು ಪರದೆ ಎಳೆದಳು.

"ನೋವಿದೆಯಾ?" ಎಂದು ಕೇಳಿದಳು.

"ಇಲ್ಲ."

ಅದೇ ಕೊನೆಯ ಮಾತು. ಅವಳು ಬೇಡಿಕೊಂಡಿದ್ದೂ ನೋವಿಲ್ಲದಿರಲಿ ಎಂದೇ. ಆದರೂ ಆ ಒಂದು ಮಾತು ಸಾಲಲಿಲ್ಲ.